ಸಾಲು ತೂತಿನ ಹಕ್ಕಿ

ಪಶ್ಚಿಮ ಮ್ಯಾಸಚೂಸೆಟ್ಸ್‌ನಲ್ಲಿ ಮರಗಳ ಆರೈಕೆ ನನ್ನ ಕಸುಬು. ಹೋದ ಮೇ ತಿಂಗಳಲ್ಲಿ ಕನ್ನಡದವರೇ ಒಬ್ಬರು ಹಿತ್ತಲ ಸೇಬಿನ ಮರದ ಫೋಟೋ ಕಳಿಸಿ, “ಕಾಂಡಕೊರಕ ಬಿದ್ದಿದೆ ಸಾರ್, ಯಾವ ಔಷಧಿ ಹೊಡೀಲಿ?” ಎಂದರು. ಹಿಗ್ಗಿಸಿ ನೋಡಿದೆ. ಸ್ಕೇಲಿಟ್ಟು ಗುರುತು ಮಾಡಿದ ಹಾಗೆ ಅಡ್ಡಕ್ಕೆ ಸಾಲುಸಾಲು ತೂತು. ಹುಳಕ್ಕೆಲ್ಲಿಂದ ಬರಬೇಕು ಅಷ್ಟು ಶಿಸ್ತು? ಅದು ಹಳದಿ ಹೊಟ್ಟೆಯ ಸ್ಯಾಪ್‌ಸಕರ್ ಎಂಬ ಮರಕುಟಿಗದ ಕೆಲಸ.

ಸ್ಯಾಪ್ ಅಂದರೆ ಮರದ ರಸ. ಹೆಸರಲ್ಲಿ ಹೀರುವ ಮಾತಿದ್ದರೂ ಈ ಹಕ್ಕಿ ಹೀರುವುದಿಲ್ಲ, ನೆಕ್ಕುತ್ತದೆ. ತೊಗಟೆಯೊಳಗಿನ ಹುಳ ಎಳೆಯುವ ಮರಕುಟಿಗಗಳಿಗೆ ಉದ್ದ ನಾಲಿಗೆ, ತುದಿಯಲ್ಲಿ ಮುಳ್ಳು. ಇದರದ್ದು ಗಿಡ್ಡ, ತುದಿಗೆ ಬ್ರಷ್ಷಿನಂಥ ಎಳೆಗಳು. ಹಾಗಂತ ಕುಲ ಬೇರೆಯಲ್ಲ. ಕೆತ್ತುವ ಕೊಕ್ಕು, ಕಾಂಡಕ್ಕೆ ಊರುಗೋಲಾಗುವ ಬಿರುಸು ಬಾಲ, ಗೂಡಿಗೆ ಪೊಟರೆ, ಎಲ್ಲ ಮರಕುಟಿಗದ್ದೇ. ಓಕ್ ಕಾಯಿಗಳನ್ನು ಮರಕ್ಕೆ ಗಿಡಿದು ಕೂಡಿಡುವ ಕ್ಯಾಲಿಫೋರ್ನಿಯಾದ ಮರಕುಟಿಗ ಇದಕ್ಕೆ ಹತ್ತಿರದ ದಾಯಾದಿ. ಕೊಕ್ಕಿನಿಂದ ಬಡಿಯುವ ತಮಟೆಯೂ ಉಂಟು. ಜೋರಾಗಿ ಶುರುವಾಗಿ ಆಮೇಲೆ ತಡವರಿಸುತ್ತದೆ. ರಸ್ತೆಬದಿಯ ತಗಡಿನ ಬೋರ್ಡು ಸಿಕ್ಕರಂತೂ ಬಿಡುವುದಿಲ್ಲ.

ಸ್ಯಾಪ್‌ಸಕರ್‌ಗಳಲ್ಲಿ ಇರುವುದು ನಾಲ್ಕೇ ಬಗೆ, ನಾಲ್ಕೂ ಉತ್ತರ ಅಮೆರಿಕದವು. ಅದರಲ್ಲಿ ವಿಲಿಯಮ್‌ಸನ್ ಸ್ಯಾಪ್‌ಸಕರ್‌ನ ಗಂಡು ಕಪ್ಪು, ಹೆಣ್ಣು ಕಂದು ಪಟ್ಟೆಯದ್ದು. ವಿದ್ವಾಂಸರು ಎರಡನ್ನೂ ಬೇರೆ ಬೇರೆ ಜಾತಿಯೆಂದೇ ಬರೆದಿಟ್ಟಿದ್ದರು. 1873ರಲ್ಲಿ ಕೊಲರಾಡೊದಲ್ಲಿ ಪಕ್ಷಿತಜ್ಞ ಹೆನ್ರಿ ಹೆನ್‌ಶಾ ಇಬ್ಬರನ್ನೂ ಒಂದೇ ಗೂಡಿನಲ್ಲಿ ಕಂಡ ಮೇಲೆ ಗೊತ್ತಾಯಿತು, ಗಂಡ ಹೆಂಡತಿ ಅಂತ!

ಈಚಲು ಮರದಿಂದ ಹೆಂಡ ಇಳಿಸುವುದನ್ನು ನೋಡಿದವರಿಗೆ ನಮ್ಮ ಹಳದಿ ಹೊಟ್ಟೆಯ ಹಕ್ಕಿಯ ದಿನಚರಿ ಹೊಸದೆನಿಸದು. ಗಾಯ ಒಣಗಿದರೆ ರಸ ನಿಲ್ಲುತ್ತದೆ, ಹಾಗಾಗಿ ದಿನಾ ಹಸಿಯಾಗಿಡಬೇಕು. ಎಲೆ ಬರುವ ಮುಂಚೆ ಬೇರಿನಿಂದ ಏರುವ ನೀರುರಸಕ್ಕೆ ಗುಂಡು ತೂತು. ಎಲೆ ಬಿಟ್ಟ ಮೇಲೆ ತೊಗಟೆಯಲ್ಲಿ ಇಳಿಯುವ ಸಿಹಿರಸಕ್ಕೆ ಚೌಕನೆಯ ಬಾವಿ. ರಸಕ್ಕೆ ಮುತ್ತಿದ ಇರುವೆಗಳೂ ಹೊಟ್ಟೆ ಸೇರುತ್ತವೆ. ಈ ಅಂಗಡಿಗೆ ಬೇರೆ ಗಿರಾಕಿಗಳೂ ಇದ್ದಾರೆ: ಹೂವು ಅರಳದ ದಿನಗಳಲ್ಲಿ ದಕ್ಷಿಣದಿಂದ ಬರುವ ಮಾಣಿಕ್ಯಗೊರಳಿನ ಹಮಿಂಗ್‌ಬರ್ಡ್ ಇಲ್ಲೇ ಹೊಟ್ಟೆ ಹೊರೆಯುತ್ತದೆ.

ಔಷಧಿ ಬೇಡವೆಂದೆ, ಹುಳವೇ ಇಲ್ಲದ ಮೇಲೆ ಯಾರಿಗೆ ಹೊಡೆಯುವುದು? ಹಕ್ಕಿಗೆ ಕೈಹಾಕುವ ಹಾಗೂ ಇಲ್ಲ, 1918ರ ವಲಸೆ ಹಕ್ಕಿಗಳ ಕಾಯ್ದೆಯ ರಕ್ಷಣೆಯಿದೆ. ಆದರೆ ಸಾಲುಗಳು ಕೊಂಬೆಯನ್ನು ಪೂರಾ ಸುತ್ತಿಬಿಟ್ಟರೆ ಅದರಾಚೆಗಿನ ಭಾಗ ಒಣಗಬಹುದು. ಅದಕ್ಕೇ ತೂತಿದ್ದಷ್ಟು ಉದ್ದಕ್ಕೆ ಗೋಣಿತಾಟು ಸಡಿಲವಾಗಿ ಸುತ್ತಿಸಿದೆ.

ವಾರದ ಮೇಲೆ ಮತ್ತೆ ಫೋನು. ಹಕ್ಕಿ ಈಗ ಪಕ್ಕದ ಮನೆಯವರ ಬರ್ಚ್ ಮರದಲ್ಲಿದೆಯಂತೆ.