ಬೀಡಿ ಮನೆಯೊಳಗೆ ಬಂದದ್ದು ಹೇಗೆ?

ಬೀಡಿ ಕಟ್ಟುವುದು ಹೆಂಗಸರ ಬಿಡುವಿನ ಕೆಲಸ ಎಂಬ ಮಾತು ದಕ್ಷಿಣ ಕನ್ನಡದಲ್ಲಿ ಈಗಲೂ ಕೇಳಿಬರುತ್ತದೆ. ಸಾವಿರ ಬೀಡಿ ಕಟ್ಟುವುದನ್ನು ಪಕ್ಕದಲ್ಲಿ ಕೂತು ನೋಡಿದವರು ಹಾಗೆ ಹೇಳಲಾರರು. ನೆನೆಸಿಟ್ಟ ಎಲೆಯನ್ನು ತಗಡಿನ ಅಳತೆಗೆ ಕತ್ತರಿಸಬೇಕು, ಮಡಿಲ ತಡ್ಪೆಯಿಂದ (ಮೊರದಿಂದ) ಚಿಟಿಕೆ ಹೊಗೆಸೊಪ್ಪು ಹಾಕಿ ಸುರುಟಬೇಕು, ತುದಿ ಮಡಚಿ ನೂಲು ಬಿಗಿಯಬೇಕು, ಇಪ್ಪತ್ತೈದರಂತೆ ಕಟ್ಟ ಮಾಡಬೇಕು. ಪಳಗಿದ ಕೈಗೂ ಇಡೀ ಹಗಲು ಹಿಡಿಯುತ್ತದೆ. ಅಡುಗೆ, ದನ, ಮಕ್ಕಳು ಎಲ್ಲ ಅದರ ನಡುವೆಯೇ.

ಹೆಂಗಸರ ಅನುಕೂಲಕ್ಕಾಗಿ ಈ ಕೆಲಸ ಮನೆಗೆ ಬಂತು ಎನ್ನುವುದು ಅರ್ಧ ಸತ್ಯ. 1948ರ ಕಾರ್ಖಾನೆ ಕಾಯ್ದೆಯ ಪ್ರಕಾರ, ಒಂದೇ ಸೂರಿನಡಿ ಇಂತಿಷ್ಟು ಜನ ದುಡಿದರೆ ಕೆಲಸದ ಹೊತ್ತು, ರಜೆ, ಹಾಜರಿ ಎಲ್ಲದಕ್ಕೂ ಮಾಲೀಕ ಲೆಕ್ಕ ಕೊಡಬೇಕು. ಹಲವು ಮಾಲೀಕರು ಆ ಸೂರನ್ನೇ ತೆಗೆದುಬಿಟ್ಟರು. ಎಲೆ, ಹೊಗೆಸೊಪ್ಪು ಗುತ್ತಿಗೆದಾರನ ಮೂಲಕ ಮನೆಮನೆಗೆ ಹೋಯಿತು. ಒಂದು ರಾಜ್ಯ ಕಾನೂನು ಬಿಗಿ ಮಾಡಿದರೆ ದಂಧೆ ಪಕ್ಕದ ರಾಜ್ಯಕ್ಕೆ ಜಾರುತ್ತಿತ್ತು. ಹಾಗಾಗಿ 1966ರಲ್ಲಿ ಕೇಂದ್ರವೇ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ತಂದು, ಮನೆಯಲ್ಲಿ ಕೂತು ಕಟ್ಟುವವಳೂ ಕಾರ್ಮಿಕಳೇ ಎಂದಿತು. ಮಂಗಳೂರಿನ ದೊಡ್ಡ ಕಂಪನಿಯೊಂದು ಸೇರಿದಂತೆ ಮಾಲೀಕರು ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. 1974ರಲ್ಲಿ ಕಾಯ್ದೆಯೇ ಗೆದ್ದಿತು.

ಆ ಮೊಕದ್ದಮೆಯಲ್ಲಿ ಚರ್ಚೆಗೆ ಬಂದ ಒಂದು ಸಣ್ಣ ನಿಯಮ ನನಗೆ ಬಹಳ ಮುಖ್ಯ ಎನ್ನಿಸುತ್ತದೆ: ಕಳಪೆ ಎಂದು ಪಕ್ಕಕ್ಕಿಡುವ ಬೀಡಿ ಸಾಮಾನ್ಯವಾಗಿ ನೂರಕ್ಕೆ 5ನ್ನು ಮೀರಬಾರದು. ಬೀಡಿಯವಳ ಬಡತನ ಇರುವುದು ಮಜೂರಿಯ ದರದಲ್ಲಿ ಮಾತ್ರವಲ್ಲ, ಕಟ್ಟಿದ ಬೀಡಿ ಒಪ್ಪಿಸುವ ಬ್ರಾಂಚಿನ ಮೇಜಿನ ಮೇಲೂ ಇದೆ. ಕೊಟ್ಟ ಎಲೆ ತೂತುಬಿದ್ದಿದ್ದರೂ ಲೆಕ್ಕಕ್ಕೆ ಬೀಡಿ ಕಡಿಮೆಯಾಗುವಂತಿಲ್ಲ. ಕೊರತೆಯ ಎಲೆಯನ್ನು ಅವಳೇ ದುಡ್ಡು ಕೊಟ್ಟು ತರಬೇಕು. ರಿಜೆಕ್ಟ್ ಆದ ಬೀಡಿಗೆ ಮಜೂರಿಯಿಲ್ಲ. ಆದರೆ ಆ ಬೀಡಿಯೂ ಎಲ್ಲೋ ಮಾರಾಟವಾಗುತ್ತದೆ ಎಂಬ ದೂರು ಹಳೆಯದು.

1976ರಲ್ಲಿ ಕ್ಷೇಮಾಭಿವೃದ್ಧಿ ನಿಧಿ ಬಂತು, 1977ರಲ್ಲಿ ಪಿಎಫ್. ಮನೆಯಲ್ಲಿ ಕಟ್ಟುವವರಿಗೆ ಪಿಎಫ್ ಯಾಕೆ ಎಂಬ ತಕರಾರು ಮತ್ತೆ ಸುಪ್ರೀಂ ಕೋರ್ಟಿಗೆ ಹೋಗಿ, 1985ರಲ್ಲಿ ಅಲ್ಲೂ ಮಾಲೀಕರು ಸೋತರು. ಕರಾವಳಿಯ ಎಷ್ಟೋ ಮದುವೆಗಳು ನಡೆದದ್ದು, ಮನೆಗಳಿಗೆ ಹೆಂಚು ಏರಿದ್ದು ಈ ಪಿಎಫ್ ದುಡ್ಡಿನಿಂದ.

ಮುಂದಿನದು ಇಳಿಜಾರು. 2016ರಲ್ಲಿ ಕಟ್ಟಿನ ಮೇಲೆ ಶೇ 85ರಷ್ಟು ಎಚ್ಚರಿಕೆಯ ಚಿತ್ರ ಕಡ್ಡಾಯವಾಯಿತು. 2017ರಲ್ಲಿ ಬೀಡಿಗೆ ಶೇ 28ರ ಜಿಎಸ್‌ಟಿ ಬಿತ್ತು, ಕ್ಷೇಮನಿಧಿಯನ್ನು ತುಂಬುತ್ತಿದ್ದ ಸೆಸ್ ನಿಂತಿತು. ಬೀಡಿ ಸೇದುವುದು ಕಡಿಮೆಯಾಗಬೇಕು, ಅದರಲ್ಲಿ ಎರಡು ಮಾತಿಲ್ಲ. ಕಟ್ಟುವವರಿಗೆ ಬೇರೆ ಕೆಲಸ ಹುಡುಕಿಕೊಡುವ ಆತುರವನ್ನು ಮಾತ್ರ ಯಾರೂ ತೋರಲಿಲ್ಲ. 2025ರ ನವೆಂಬರಿನಲ್ಲಿ 1966ರ ಕಾಯ್ದೆಯೂ ಹೊಸ ಕಾರ್ಮಿಕ ಸಂಹಿತೆಯೊಳಗೆ ಸೇರಿಹೋಯಿತು.

ಕಟ್ಟಿದ ಬೀಡಿಯ ಲೆಕ್ಕ ಬರೆಯುವ ಕಾರ್ಡಿನ ಕಥೆ ಬೇರೆಯೇ. ಒಂದು ಮನೆಯಲ್ಲಿ ತಾಯಿ, ಮಗಳು, ಸೊಸೆ ಮೂವರೂ ಕಟ್ಟಿದರೂ ಎಷ್ಟೋ ಕಡೆ ಬ್ರಾಂಚಿನ ಕಾರ್ಡ್ ಇರುವುದು ಒಬ್ಬಳ ಹೆಸರಿನಲ್ಲಿ. ಹತ್ತು ವರ್ಷದ ಸೇವೆ ದಾಖಲಾಗಿದ್ದರೆ ಅವಳಿಗೆ ಪಿಂಚಣಿ ಉಂಟು, 2014ರಲ್ಲಿ ನಿಗದಿಯಾದ ಕನಿಷ್ಠ ಮೊತ್ತ ತಿಂಗಳಿಗೆ 1,000 ರೂಪಾಯಿ. ಉಳಿದಿಬ್ಬರು ಕಟ್ಟಿದ ಬೀಡಿಯೂ ಅದೇ ಕಾರ್ಡಿಗೆ ಜಮೆ.