ಜಮೀನಿನ ಕಡೆಯಿಂದ ಮತಸುಧಾರಣೆ: ಮಧ್ಯಯುಗದ ಯುರೋಪಿನ ಟಿಪ್ಪಣಿ

ನಮ್ಮ ಪಠ್ಯಗಳಲ್ಲಿ ಊಳಿಗಮಾನ್ಯ ಪದ್ಧತಿ ಒಂದು ಅಧ್ಯಾಯ, ಪುನರುಜ್ಜೀವನ ಇನ್ನೊಂದು, ಮತಸುಧಾರಣೆ ಮತ್ತೊಂದು. ಬಿಡಿಬಿಡಿಯಾಗಿ ಓದಿದರೆ ಲೂಥರ್ ಎಂಬ ಸನ್ಯಾಸಿಗೆ ಸಿಟ್ಟು ಬಂತು, ಚರ್ಚು ಒಡೆಯಿತು ಎಂಬಷ್ಟೇ ತಲೆಯಲ್ಲಿ ಉಳಿಯುತ್ತದೆ. ಮೂರನ್ನೂ ಒಟ್ಟಿಗೆ ಓದಬೇಕಾದರೆ ಜಮೀನಿನಿಂದ ಶುರುಮಾಡಿ ಎಂದೇ ನನ್ನ ಸಲಹೆ. ಪಶ್ಚಿಮ ಯುರೋಪಿನಲ್ಲಿ ಚರ್ಚು ಪ್ರಾರ್ಥನೆಯ ಜಾಗವೂ ಹೌದು, ಬಹುದೊಡ್ಡ ಭೂಮಾಲೀಕನೂ ಹೌದು. ಹಾಗಾಗಿ ಅಲ್ಲಿ ಧರ್ಮದ ಜಗಳವೆಲ್ಲ ಬೇಗನೆ ಗೇಣಿ, ತೆರಿಗೆ, ಹೊಲದ ಜಗಳವಾಗಿಬಿಡುತ್ತಿತ್ತು.

ಒಡೆಯ, ರೈತ, ಪಾದ್ರಿ

ರಾಜ ದೊಡ್ಡ ಸಾಮಂತರಿಗೆ ಭೂಮಿ ಕೊಡುತ್ತಿದ್ದ, ಅವರು ಯುದ್ಧಕಾಲದಲ್ಲಿ ಕುದುರೆ ಸವಾರರನ್ನು ಕರೆತರುತ್ತಿದ್ದರು. ಅವರ ಕೆಳಗೆ ಚಿಕ್ಕ ಸಾಮಂತರು. ಇದು ಎಲ್ಲರಿಗೂ ಗೊತ್ತಿರುವ ಏಣಿ. ಪರೀಕ್ಷೆಯಲ್ಲಿ ಇದರ ಚಿತ್ರ ಬರೆದು ಮುಂದೆ ಹೋಗುತ್ತೇವೆ, ಆದರೆ ನಿಜವಾಗಿ ನೋಡಬೇಕಾದದ್ದು ಏಣಿಯ ಬುಡದಲ್ಲಿದ್ದ ಸರ್ಫ್‌ನನ್ನು, ಅಂದರೆ ಜಮೀನಿಗೆ ಕಟ್ಟುಬಿದ್ದ ಜೀತದ ರೈತನನ್ನು. ಅವನು ಗುಲಾಮನಲ್ಲ, ಸಂತೆಯಲ್ಲಿ ಅವನನ್ನು ಮಾರುವಂತಿರಲಿಲ್ಲ. ಆದರೆ ಸ್ವತಂತ್ರನೂ ಅಲ್ಲ, ಒಡೆಯನ ಒಪ್ಪಿಗೆಯಿಲ್ಲದೆ ಊರು ಬಿಡುವಂತಿರಲಿಲ್ಲ. ಒಡೆಯನ ಹೊಲದಲ್ಲಿ ವಾರಕ್ಕೆ ಇಂತಿಷ್ಟು ದಿನ ಬಿಟ್ಟಿ ಚಾಕರಿ. ಹಿಟ್ಟು ಬೀಸಬೇಕಾದರೆ ಒಡೆಯನ ಗಿರಣಿಗೇ ಹೋಗಿ ಕೂಲಿ ಕೊಡಬೇಕು. ಮನೆಯ ಯಜಮಾನ ಸತ್ತರೆ ಅನೇಕ ಕಡೆ ಕೊಟ್ಟಿಗೆಯ ಒಳ್ಳೆಯ ದನ ಒಡೆಯನ ಪಾಲು. ಇದೆಲ್ಲದರ ಮೇಲೆ ಬೆಳೆಯ ಹತ್ತನೇ ಒಂದು ಭಾಗ ಚರ್ಚಿಗೆ, ಇದೇ ದಶಾಂಶ. ಎಷ್ಟೋ ಊರುಗಳಲ್ಲಿ ಒಡೆಯನೇ ಮಠದ ಗುರುವಾಗಿರುತ್ತಿದ್ದ. ದುಡಿಸಿಕೊಳ್ಳುವವನೂ ಪಾಪ ಕಳೆಯುವವನೂ ಒಬ್ಬನೇ ಆದಾಗ ರೈತ ಯಾರಲ್ಲಿ ದೂರಬೇಕು?

ಹಿಡಿತ ಸಡಿಲವಾದದ್ದು

1347ರಿಂದ 1351ರ ನಡುವೆ ಬಂದ ಮಹಾ ಪ್ಲೇಗಿನಲ್ಲಿ ಯುರೋಪಿನ ಮೂರನೇ ಒಂದು ಭಾಗದಿಂದ ಅರ್ಧದಷ್ಟು ಜನ ಸತ್ತರೆಂದು ಅಂದಾಜು. ಹೊಲಗಳು ಹಾಗೇ ಇದ್ದವು, ಉಳುವ ಕೈಗಳಿರಲಿಲ್ಲ. ಬದುಕುಳಿದವರು ಹೆಚ್ಚು ಕೂಲಿ ಕೇಳಿದರು. ಇಂಗ್ಲೆಂಡಿನಲ್ಲಿ 1351ರ ಕಾಯ್ದೆ ಕೂಲಿಯನ್ನು ಪ್ಲೇಗಿಗೆ ಮುಂಚಿನ ಮಟ್ಟಕ್ಕೇ ಕಟ್ಟಿಹಾಕಲು ನೋಡಿತು. ಆ ಅಸಮಾಧಾನಕ್ಕೆ ತಲೆಗಂದಾಯವೂ ಸೇರಿ 1381ರಲ್ಲಿ ರೈತರು ದಂಗೆಯೆದ್ದು ಲಂಡನ್ನಿಗೇ ನುಗ್ಗಿದರು. ದಂಗೆ ಮುರಿಯಿತು. ಆದರೆ ಮುಂದಿನ ಒಂದು ಶತಮಾನದಲ್ಲಿ ಅಲ್ಲಿ ಜೀತ ತಾನಾಗಿ ಕರಗುತ್ತ ಬಂತು, ಏಕೆಂದರೆ ಆಳು ಸಿಗದ ಒಡೆಯನಿಗೆ ಬಿಟ್ಟಿಯ ಬದಲು ಹಣದ ಗೇಣಿಯೇ ಅನುಕೂಲವಾಯಿತು. ಜರ್ಮನಿಯ ಎಲ್ಬೆ ನದಿಯ ಪೂರ್ವದಲ್ಲಿ ಇದರ ತದ್ವಿರುದ್ಧ ನಡೆಯಿತು: ಅಲ್ಲಿ ಮುಂದಿನ ಶತಮಾನಗಳಲ್ಲಿ ಜೀತ ಇನ್ನಷ್ಟು ಬಿಗಿಯಾಯಿತು. ‘ಪ್ಲೇಗಿನಿಂದ ಊಳಿಗಮಾನ್ಯ ಪದ್ಧತಿ ಮುಗಿಯಿತು’ ಎಂದು ಒಂದೇ ಸಾಲಿನಲ್ಲಿ ಬರೆದರೆ ಅರ್ಧ ಸತ್ಯವಷ್ಟೇ ಬರೆದಂತೆ.

ಚರ್ಚಿನ ಒಳಗೂ ಬಿರುಕು. 1309ರಿಂದ 1377ರವರೆಗೆ ಪೋಪರು ರೋಮ್ ಬಿಟ್ಟು ಇಂದಿನ ಫ್ರಾನ್ಸಿನ ಆವಿನ್ಯೋನ್‌ನಲ್ಲಿದ್ದರು; 1378ರಿಂದ 1417ರವರೆಗೆ ಇಬ್ಬರು, ಒಮ್ಮೆ ಮೂವರು ಏಕಕಾಲಕ್ಕೆ ತಾವೇ ಪೋಪರೆಂದರು. ಬೊಹೀಮಿಯದ (ಇಂದಿನ ಚೆಕ್ ನಾಡು) ಬೋಧಕ ಯಾನ್ ಹುಸ್ ಚರ್ಚಿನ ಸಿರಿಯನ್ನು ಪ್ರಶ್ನಿಸಿದ್ದಕ್ಕೆ 1415ರಲ್ಲಿ ಕಾನ್‌ಸ್ಟನ್ಸ್‌ನಲ್ಲಿ ಸುಟ್ಟರು.

ಪುನರುಜ್ಜೀವನವೆಂದರೆ ನಾವು ಚಿತ್ರ, ಶಿಲ್ಪಗಳನ್ನಷ್ಟೇ ನೆನೆಯುತ್ತೇವೆ. ನನಗೆ ಅದರಲ್ಲಿ ಅತ್ಯಂತ ಧೈರ್ಯದ ಕೆಲಸವಾಗಿ ಕಾಣುವುದು ಇಟಲಿಯ ಪಂಡಿತ ಲೊರೆಂಜೊ ವಲ್ಲಾ 1440ರಲ್ಲಿ ಬರೆದ ಪ್ರಬಂಧ. ಪಶ್ಚಿಮದ ರಾಜ್ಯಭಾರವನ್ನೆಲ್ಲ ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ಪೋಪರಿಗೆ ದಾನ ಮಾಡಿದನೆಂಬ ಹಳೆಯ ದಾನಪತ್ರವೊಂದಿತ್ತು. ಅದರ ಲ್ಯಾಟಿನ್ ನಾಲ್ಕನೇ ಶತಮಾನದ್ದಲ್ಲ, ಬಹಳ ಈಚಿನದು, ಆದ್ದರಿಂದ ಪತ್ರ ಖೋಟಾ ಎಂದು ವಲ್ಲಾ ತೋರಿಸಿದ. ಅವನ ಆಶ್ರಯದಾತ ಅರಸ ಅಲ್ಫೋನ್ಸೊ ಆಗ ಪೋಪರೊಡನೆ ಜಗಳದಲ್ಲಿದ್ದ ಎಂಬುದನ್ನೂ ಮರೆಯಬಾರದು. ಆದರೂ ಹಳೆಯ ಗ್ರಂಥಗಳನ್ನು ಮೂಲದಲ್ಲಿ ಓದುವ ಹೊಸ ಪಾಂಡಿತ್ಯ, ಅಧಿಕಾರದ ಬೇರಿಗೇ ಕೈ ಹಾಕಬಲ್ಲದೆಂದು ಇದರಿಂದ ಸ್ಪಷ್ಟವಾಯಿತು.

ವಿಟೆನ್‌ಬರ್ಗ್

ಬ್ರಾಂಡೆನ್‌ಬರ್ಗಿನ ಆಲ್ಬ್ರೆಕ್ಟ್ 1514ರಲ್ಲಿ ಮೈನ್ಸ್‌ನ ಆರ್ಚ್‌ಬಿಷಪ್ ಆದ. ಆ ಪದವಿಗಾಗಿ ರೋಮ್‌ಗೆ ಸಲ್ಲಿಸಬೇಕಾದ ದೊಡ್ಡ ಮೊತ್ತವನ್ನು ಆಗ್ಸ್‌ಬರ್ಗಿನ ಫುಗ್ಗರ್ ಸಾಹುಕಾರರಿಂದ ಸಾಲ ಪಡೆದ. ಸಾಲ ತೀರಿಸಲು ಕ್ಷಮಾಪತ್ರಗಳ ಮಾರಾಟಕ್ಕೆ ಅನುಮತಿ ಸಿಕ್ಕಿತು: ಅರ್ಧ ಹಣ ಫುಗ್ಗರರ ಸಾಲಕ್ಕೆ, ಅರ್ಧ ರೋಮ್‌ನ ಸಂತ ಪೀಟರ್ ಬೆಸಿಲಿಕಾ ಕಟ್ಟಲು. ಚರ್ಚಿನ ಸಿದ್ಧಾಂತದಂತೆ ಈ ಪತ್ರ ಪಾಪವನ್ನು ಕ್ಷಮಿಸುವುದಲ್ಲ. ಕ್ಷಮೆ ಸಿಕ್ಕ ಮೇಲೂ ಅನುಭವಿಸಬೇಕಾದ ಶಿಕ್ಷೆಯನ್ನು ಕಡಿಮೆ ಮಾಡುವುದು. ಈ ಸೂಕ್ಷ್ಮ ನಿಮ್ಮ ಪರೀಕ್ಷೆಯ ಉತ್ತರದಲ್ಲಿ ಬಂದರೆ ಒಳ್ಳೆಯದು. ಮಾರಾಟಕ್ಕೆ ಹೊರಟ ಯೋಹಾನ್ ಟೆಟ್ಸೆಲ್‌ನ ಪ್ರವಚನಗಳಲ್ಲಿ ಆ ಸೂಕ್ಷ್ಮ ಉಳಿಯಲಿಲ್ಲ, ಕೇಳಿದವರು ಹಣ ಕೊಟ್ಟರೆ ಮುಕ್ತಿ ಎಂದೇ ತಿಳಿದರು.

ಇದರ ವಿರುದ್ಧ ಜರ್ಮನಿಯ ವಿಟೆನ್‌ಬರ್ಗ್‌ನಲ್ಲಿ ಮಾರ್ಟಿನ್ ಲೂಥರ್ 1517ರ ಅಕ್ಟೋಬರ್ 31ರಂದು 95 ವಾದಗಳನ್ನು ಮುಂದಿಟ್ಟ. ಹುಸ್‌ಗೆ ಇಲ್ಲದ ಅನುಕೂಲ ಲೂಥರ್‌ಗಿತ್ತು: ಮುದ್ರಣಯಂತ್ರ. ಗುಟೆನ್‌ಬರ್ಗ್ ಬೈಬಲ್ ಅಚ್ಚಾಗಿ ಆಗಲೇ ಅರವತ್ತು ವರ್ಷ ದಾಟಿತ್ತು. ಲ್ಯಾಟಿನ್ನಿನ ವಾದಗಳು ಜರ್ಮನ್ ಭಾಷೆಗೆ ಬಂದು ಊರೂರು ಸುತ್ತಿದವು. 1522ರಲ್ಲಿ ಲೂಥರ್‌ನ ಜರ್ಮನ್ ಹೊಸ ಒಡಂಬಡಿಕೆ ಬಂತು. ಅಕ್ಷರ ಬಾರದ ರೈತನೂ ಬೇರೆಯವರು ಓದಿದ್ದನ್ನು ತನ್ನ ಮಾತಿನಲ್ಲೇ ಕೇಳಿಸಿಕೊಂಡ.

1525: ರೈತರು ಓದಿಕೊಂಡ ಬೈಬಲ್

ಈ ಭಾಗಕ್ಕೆ ಗೈಡ್‌ಗಳು ಎರಡು ಸಾಲು ಕೊಡುತ್ತವೆ. ನೀವು ಹೆಚ್ಚು ಸಮಯ ಕೊಡಿ. 1525ರ ಮಾರ್ಚ್‌ನಲ್ಲಿ ದಕ್ಷಿಣ ಜರ್ಮನಿಯ ಮೆಮ್ಮಿಂಗೆನ್‌ನಲ್ಲಿ ರೈತರ ಪ್ರತಿನಿಧಿಗಳು ಸೇರಿ ಹನ್ನೆರಡು ಬೇಡಿಕೆಗಳನ್ನು ಮುಂದಿಟ್ಟರು. ನಮ್ಮ ಪಾದ್ರಿಯನ್ನು ನಾವೇ ಆರಿಸುತ್ತೇವೆ. ಧಾನ್ಯದ ದಶಾಂಶ ಕೊಡುತ್ತೇವೆ, ಆದರೆ ಅದು ಪಾದ್ರಿಯ ಜೀವನಕ್ಕೆ, ಊರಿನ ಬಡವರಿಗೆ ಸಲ್ಲಲಿ. ಕಾಡಿನ ಸೌದೆ, ಹೊಳೆಯ ಮೀನು ಎಲ್ಲರಿಗೂ ಸೇರಲಿ. ಊರೊಟ್ಟಿನ ಹುಲ್ಲುಗಾವಲನ್ನು ಕಬಳಿಸಿದವರು ಹಿಂದಿರುಗಿಸಲಿ. ಸಾವಿನ ಮನೆಯಿಂದ ವಿಧವೆ, ಅನಾಥರ ಪಾಲು ಕೀಳುವ ಪದ್ಧತಿ ನಿಲ್ಲಲಿ. ಮೂರನೆಯದು ಎಲ್ಲಕ್ಕಿಂತ ದೊಡ್ಡದು: ಕ್ರಿಸ್ತ ತನ್ನ ರಕ್ತದಿಂದ ಕುರುಬನನ್ನೂ ದೊರೆಯನ್ನೂ ಸಮನಾಗಿ ಬಿಡಿಸಿದ ಮೇಲೆ ನಾವು ಯಾರ ಜೀತದವರೂ ಅಲ್ಲ. ಇದರಲ್ಲಿ ಯಾವುದಾದರೂ ದೇವರ ವಾಕ್ಯಕ್ಕೆ ವಿರುದ್ಧವೆಂದು ತೋರಿಸಿದರೆ ಹಿಂದೆಗೆದುಕೊಳ್ಳುತ್ತೇವೆ ಎಂದು ಕೊನೆಯ ಕಲಮು.

ಲೂಥರ್ ಮೊದಲು ದೊರೆಗಳನ್ನೂ ಬೈದ, ರೈತರಿಗೂ ಬುದ್ಧಿ ಹೇಳಿದ. ದಂಗೆ ಹರಡಿದ ಮೇಲೆ ಪೂರ್ತಿ ದೊರೆಗಳ ಪಕ್ಕಕ್ಕೆ ನಿಂತು, ದಂಗೆಕೋರರನ್ನು ಹೊಡೆದು ಕೊಲ್ಲಿ ಎಂದು ಬರೆದ. ಮೇ 15ರಂದು ಫ್ರಾಂಕೆನ್‌ಹೌಸೆನ್‌ನಲ್ಲಿ ರೈತರ ಪಡೆ ನುಚ್ಚುನೂರಾಯಿತು. ಅವರ ಜೊತೆ ನಿಂತಿದ್ದ ಬೋಧಕ ಥಾಮಸ್ ಮ್ಯೂಂಟ್ಸರ್‌ನ ತಲೆ ಕಡಿದರು. ಲೂಥರ್‌ಗೆ ಸ್ವಾತಂತ್ರ್ಯವೆಂದರೆ ಆತ್ಮದ್ದು, ರೈತರಿಗೆ ಹೊಲದ್ದೂ ಹೌದು. ಸಿದ್ಧಾಂತದ ಮಟ್ಟದಲ್ಲಿ ಲೂಥರ್‌ನ ನಿಲುವು ಅರ್ಥವಾಗುತ್ತದೆ, ಆದರೆ ಆ ಹನ್ನೆರಡು ಬೇಡಿಕೆ ಓದಿದ ಮೇಲೆ ನನ್ನ ಮನಸ್ಸು ರೈತರ ಕಡೆಗೇ ವಾಲುತ್ತದೆ. ಫ್ರಾನ್ಸಿನಲ್ಲಿ ದಶಾಂಶ ರದ್ದಾದದ್ದು 1789ರ ಕ್ರಾಂತಿಯಲ್ಲಿ. ಮೆಮ್ಮಿಂಗೆನ್ ಸೇರಿಕೊಂಡ ಬವೇರಿಯದಲ್ಲಿ ಜೀತ ಕಾನೂನಿನಿಂದ ಅಳಿದದ್ದು 1808ರಲ್ಲಿ.

ಗೆದ್ದವರು ಯಾರು?

ದೊರೆಗಳು. 1555ರ ಆಗ್ಸ್‌ಬರ್ಗ್ ಒಪ್ಪಂದ ದೊರೆಯ ಮತವೇ ನಾಡಿನ ಮತವೆಂದಿತು. ಒಪ್ಪದವರು ಆಸ್ತಿ ಮಾರಿ ಹೊರಡಬಹುದಿತ್ತು. ಇಂಗ್ಲೆಂಡಿನಲ್ಲಿ ಎಂಟನೇ ಹೆನ್ರಿ 1534ರಲ್ಲಿ ಚರ್ಚಿನ ಮುಖ್ಯಸ್ಥನಾಗಿ, 1536ರಿಂದ 1540ರೊಳಗೆ ಮಠಗಳನ್ನೆಲ್ಲ ಮುಚ್ಚಿಸಿದ. ಆ ಜಮೀನುಗಳ ಬಹುಪಾಲು ಮಾರಾಟವಾಗಿ ಸ್ಥಳೀಯ ಶ್ರೀಮಂತರ ಕೈಸೇರಿತು. ಮುಂದೆ ಮಗಳು ಮೇರಿ ರಾಣಿಯಾಗಿ ಕ್ಯಾಥೊಲಿಕ್ ಪಂಥವನ್ನು ಮರಳಿ ತಂದಳು. ಪೂಜೆ ಮರಳಿತು, ಮಠಾಧೀಶರ ಹೊಲಗಳು ಮರಳಲಿಲ್ಲ. ಕೊಂಡವರು ಬಿಟ್ಟುಕೊಡಲಿಲ್ಲ, ಪೋಪರೂ ಒಪ್ಪಬೇಕಾಯಿತು. ಮತಸುಧಾರಣೆಯನ್ನು ಜಮೀನಿನ ಕಡೆಯಿಂದ ಓದಿ ಎನ್ನುವುದಕ್ಕೆ ಇದಕ್ಕಿಂತ ಗಟ್ಟಿ ಉದಾಹರಣೆ ನನಗೆ ಸಿಕ್ಕಿಲ್ಲ. ಸನ್ಯಾಸಿನಿಯರ ಮಠಗಳೂ ಮುಚ್ಚಿದವು. ಮದುವೆ ಬೇಡವೆನ್ನುವ, ಓದು ಬಯಸುವ ಹೆಣ್ಣಿಗೆ ಇದ್ದ ಒಂದು ದಾರಿಯೂ ಹೋಯಿತು.

ಕ್ಯಾಥೊಲಿಕ್ ಚರ್ಚಿನ ಉತ್ತರವೇ ಪ್ರತಿಸುಧಾರಣೆ: 1540ರಲ್ಲಿ ಮಾನ್ಯತೆ ಪಡೆದ ಜೆಸ್ವಿಟ್ ಪಾದ್ರಿಗಳ ಸಂಘ, 1545ರಿಂದ 1563ರವರೆಗಿನ ಟ್ರೆಂಟ್‌ನ ಚರ್ಚ್ ಸಭೆ, ಪಾದ್ರಿಗಳಿಗೆ ಕಡ್ಡಾಯ ಶಿಕ್ಷಣ. ಅದರ ಅಲೆ ನಮ್ಮ ಕರಾವಳಿಗೂ ಬಡಿಯಿತು. ಜೆಸ್ವಿಟ್ ಪಾದ್ರಿ ಫ್ರಾನ್ಸಿಸ್ ಝೇವಿಯರ್ 1542ರಲ್ಲಿ ಪೋರ್ಚುಗೀಸರ ಕೈಯಲ್ಲಿದ್ದ ಗೋವೆಗೆ ಬಂದ. 1556ರಲ್ಲಿ ಅಲ್ಲಿ ಅಚ್ಚುಕೂಟ, 1560ರಲ್ಲಿ ಇನ್‌ಕ್ವಿಸಿಷನ್, ಅಂದರೆ ಮತದ ದಾರಿ ತಪ್ಪಿದವರನ್ನು ವಿಚಾರಿಸುವ ನ್ಯಾಯಾಲಯ. ಗೋವೆಯಲ್ಲಿ ಉರುಳಿಸಿದ ದೇವಸ್ಥಾನಗಳ ಜಮೀನಿನ ಉತ್ಪತ್ತಿಯನ್ನು ಚರ್ಚಿನ ಕೆಲಸಗಳಿಗೆ ಬಿಟ್ಟರು. ಅಲ್ಲಿಂದ ಹೊರಟ ಸಾರಸ್ವತರೂ, ಬಳಿಕ ಕೊಂಕಣಿ ಕ್ರೈಸ್ತರೂ ಕೆನರಾ ಜಿಲ್ಲೆಗಳಲ್ಲಿ ನೆಲೆಸಿ, ಹೊಸ ನೆಲದಲ್ಲಿ ಹೊಲ ಗದ್ದೆ ಮಾಡಿಕೊಂಡರು.