ಯಾವ ಶನಿವಾರ ಬರಬೇಕು ಅಕ್ಕಾ?

ಮಾರ್ಚ್ ಬಂತೆಂದರೆ ನನ್ನ ಫೋನಿಗೆ ಒಂದೇ ಪ್ರಶ್ನೆ. ನ್ಯಾಶ್‌ವಿಲ್, ಮೆಂಫಿಸ್, ಅಟ್ಲಾಂಟಾ ಕಡೆಯ ನಮ್ಮವರು ಕೇಳುತ್ತಾರೆ: "ಅಕ್ಕಾ, ಕ್ರಾಪಿ ದಡಕ್ಕೆ ಬರೋದು ಯಾವ ವಾರ? ರಜಾ ಹಾಕ್ಬೇಕು." ಕ್ರಾಪಿ ಅಂದರೆ ಇಲ್ಲಿನ ಕೆರೆಗಳ ಒಂದು ಮೀನು, ಮೊಟ್ಟೆ ಇಡಲು ದಡಕ್ಕೆ ಬರುತ್ತದೆ. ಇನ್ನು ಕೆಲವರು ಲೆಕ್ಕ ಹಾಕಿಕೊಂಡೇ ಇರುತ್ತಾರೆ. "ಹೋದ ವರ್ಷ ಯುಗಾದಿ ಆದ ಮೇಲಿನ ಶನಿವಾರ ಬಕೆಟ್ ತುಂಬಿತ್ತು. ಈ ಸಲಾನೂ ಹಾಗೇ ಅಲ್ವಾ?"

ಅಲ್ಲ. 2023ರಲ್ಲಿ ಯುಗಾದಿ ಮಾರ್ಚ್ 22ಕ್ಕಿತ್ತು, 2024ರಲ್ಲಿ ಏಪ್ರಿಲ್ 9ಕ್ಕೆ. ಎರಡೂವರೆ ವಾರದ ಅಂತರ. ಅಷ್ಟರೊಳಗೆ ಮೀನಿನ ಒಂದು ಗೂಡಿನಲ್ಲಿ ಮೊಟ್ಟೆ ಬಿದ್ದು, ಒಡೆದು, ಮರಿಗಳು ಚದುರಿ ಹೋಗಿರಬಹುದು. ಇಲ್ಲಿನವರು ಡಾಗ್‌ವುಡ್ ಮರ ಹೂ ಬಿಟ್ಟಾಗ ಹೋಗು ಅನ್ನುತ್ತಾರೆ. ಅದು ಯುಗಾದಿಗಿಂತ ವಾಸಿ, ಆದರೂ ಮರ ಇರುವುದು ನೆಲದ ಮೇಲೆ.

ಹಗಲು ಉದ್ದವಾಗುವುದೂ ಮೀನಿಗೆ ಗೊತ್ತಾಗುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಕೊನೆಯ ಮಾತು ನೀರಿನ ಬಿಸಿಯದು. ಹೆಚ್ಚುಕಡಿಮೆ 60ರಿಂದ 68 ಡಿಗ್ರಿ ಫ್ಯಾರನ್‌ಹೀಟ್ ನಡುವೆ ಕ್ರಾಪಿ ಮೊಟ್ಟೆ ಇಡುತ್ತದೆ. ಹಾಗಾಗಿಯೇ ಫ್ಲಾರಿಡಾದಲ್ಲಿ ಫೆಬ್ರವರಿಗೇ ಶುರು, ನಮ್ಮ ಟೆನ್ನೆಸ್ಸೀಯಲ್ಲಿ ಸಾಮಾನ್ಯವಾಗಿ ಏಪ್ರಿಲ್, ಮಿನ್ನೆಸೋಟಾದಲ್ಲಿ ಮೇ ಮುಗಿಯುತ್ತಾ ಬಂದರೂ ನಡೆದಿರುತ್ತದೆ.

ಇಷ್ಟು ಹೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ. ಆಮೇಲೆ ಫೋನ್ ತೆಗೆದು ಹವಾಮಾನ ನೋಡಿ, "ಇವತ್ತು 75 ಇದೆ, ಹೊರಟ್ವಿ" ಅನ್ನುತ್ತಾರೆ! ಅದು ಗಾಳಿಯ ಬಿಸಿ, ನೀರಿನದಲ್ಲ. ಬಚ್ಚಲ ಹಂಡೆಗೆ ಉರಿ ಹಾಕಿದ ತಕ್ಷಣ ನೀರು ಕಾಯುತ್ತದಾ? ಕಾದರೂ ಮೇಲೆ ಕೈಯಿಟ್ಟರೆ ಬಿಸಿ, ಚೊಂಬು ಒಳಗೆ ಮುಳುಗಿಸಿದರೆ ತಣ್ಣಗೆ. ಕೆರೆಯೂ ಹಾಗೇ. ದೋಣಿಯಲ್ಲಿರುವ ಮೀನು ಹುಡುಕುವ ಯಂತ್ರದ ಪರದೆ ತೋರಿಸುವ ಅಂಕಿ ಮೇಲ್ಪದರದ್ದು. ಬಿಸಿಲಿನ ಮಧ್ಯಾಹ್ನ ಅಲ್ಲಿ 66 ಇದ್ದು, ನಾಲ್ಕು ಅಡಿ ಕೆಳಗೆ 58 ಇರಬಹುದು. ಗೂಡು ಇರುವುದು ಕೆಳಗೆ. ಸಾಮಾನ್ಯವಾಗಿ ಎರಡರಿಂದ ಎಂಟು ಅಡಿ ಆಳದಲ್ಲಿ, ನೀರು ತಿಳಿಯಾಗಿದ್ದರೆ ಇನ್ನೂ ಕೆಳಗೆ.

ದಯವಿಟ್ಟು ಒಂದು ಥರ್ಮಾಮೀಟರ್ ತಗೊಳ್ಳಿ. ದಾರ ಕಟ್ಟಿ ನಾಲ್ಕು ಅಡಿಗೆ ಇಳಿಬಿಡಿ. ಬೆಳಗ್ಗೆ ನೋಡಿ, ಮಧ್ಯಾಹ್ನದ್ದು ಬೇಡ. ಒಂದು ದಿನದ ಅಂಕಿ ನಂಬಬೇಡಿ. ಮೂರು ನಾಲ್ಕು ಬೆಳಗ್ಗೆ 60ರ ಮೇಲೇ ನಿಂತಿದೆಯಾ, ಅದು ಮುಖ್ಯ. ಮೊದಲು ನೋಡಬೇಕಾದ ಜಾಗ ಕೆರೆಯ ಉತ್ತರ ದಡದ ಮೂಲೆಗಳು. ದಕ್ಷಿಣದ ಬಿಸಿಲು ನೇರ ಬೀಳುತ್ತದೆ, ಉತ್ತರದ ಚಳಿಗಾಳಿ ತಟ್ಟುವುದಿಲ್ಲ. ಅಲ್ಲಿ ಮೀನು ಬಂದು ವಾರ ಕಳೆದಿದ್ದರೂ ಎದುರು ದಡ ಖಾಲಿ ಇರುವುದುಂಟು.

ಒಮ್ಮೆ ಕೆಂಟಕಿ ಲೇಕ್‌ನಲ್ಲಿ ಒಂದು ಸಂಸಾರ ಸಿಕ್ಕಿತು. ಹಾಸನದಿಂದ ಬಂದ ಮಾವನವರೂ ಜೊತೆಗಿದ್ದರು. ಮಗ, ಸೊಸೆ ದಡದ ಪೊದೆಗೆ ಗಾಳ ಎಸೆದೂ ಎಸೆದೂ ಸುಸ್ತಾಗಿದ್ದರು. ಮಾವನವರು ಹಲಗೆ ಮೇಲೆ ಬೋರಲು ಮಲಗಿ ತೋಳು ಪೂರ್ತಿ ನೀರಿಗಿಳಿಸಿ, "ಕೆಳಗೆ ಕೊರೀತಿದೆ ಕಣ್ರೋ, ಮೀನು ಒಳಗೇ ಇರ್ತದೆ" ಅಂದರು. ನನಗೆ ಅವರ ಮೇಲೆ ಅಕ್ಕರೆ ಉಕ್ಕಿ ಬಂತು. ಹನ್ನೆರಡು ಅಡಿ ಆಳದಲ್ಲಿ ಮುಳುಗಿದ್ದ ರೆಂಬೆಗಳ ಪಕ್ಕ ಗಾಳಕ್ಕೆ ಮಿನ್ನೋ ಅನ್ನುವ ಸಣ್ಣ ಮೀನು ಸಿಕ್ಕಿಸಿ ಇಳಿಸಿದ ಮೇಲೆ ಬೆಂಡು ಮುಳುಗತೊಡಗಿತು. ಎಲ್ಲವೂ ಹೊಟ್ಟೆ ತುಂಬಿದ ಹೆಣ್ಣು ಮೀನುಗಳು. ದಡಕ್ಕೆ ಹೊರಟು, ನೀರು ಕಾಯಲಿ ಅಂತ ದಾರಿಯಲ್ಲಿ ಕಾದಿದ್ದವು.

ಸಿಕ್ಕ ಮೀನೂ ಸುದ್ದಿ ಹೇಳುತ್ತದೆ. ದಡಕ್ಕೆ ಮೊದಲು ಬರುವುದು ಗಂಡು. ಗೂಡು ಕೆದಕುವ ಹೊತ್ತಿಗೆ ಅದರ ಗಂಟಲು, ಎದೆ ಕಪ್ಪಾಗಿರುತ್ತದೆ. ಬರೀ ಕಪ್ಪು ಗಂಡೇ ಬೀಳುತ್ತಿದ್ದರೆ ಹೆಣ್ಣು ಇನ್ನೂ ಆಚೆ ಆಳದಲ್ಲಿದೆ ಅಂದುಕೊಳ್ಳಬಹುದು. ನಡುವೆ ಚಳಿಗಾಳಿ ಬೀಸಿದರೆ ಮೀನು ಒಂದಿಷ್ಟು ಆಳಕ್ಕೆ ಸರಿಯುತ್ತದೆ. ನೀವೂ ಸರಿಯಿರಿ. ಸುಮ್ನೆ ಮನೆಗೆ ಹೋಗಬೇಡಿ.

ಕೆಂಟಕಿ ಲೇಕ್‌ಗೆ ಹೋಗುವವರಿಗೆ ಇನ್ನೊಂದು ಮಾತು. ಅಲ್ಲಿ ಅಣೆಕಟ್ಟು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಟೆನ್ನೆಸ್ಸೀ ವ್ಯಾಲಿ ಅಥಾರಿಟಿ ಏಪ್ರಿಲ್ ತಿಂಗಳಲ್ಲಿ ನೀರಿನ ಮಟ್ಟವನ್ನು ಸಮುದ್ರಮಟ್ಟದಿಂದ 354 ಅಡಿ ಇದ್ದದ್ದನ್ನು 359ಕ್ಕೆ ಏರಿಸುತ್ತದೆ. ಮಳೆ ನೋಡಿಕೊಂಡು ಹೆಚ್ಚುಕಡಿಮೆ ಆಗುತ್ತದೆ. ತಿಂಗಳ ಮೊದಲಲ್ಲಿ ಒಣನೆಲದಲ್ಲಿದ್ದ ಪೊದೆ ಕೊನೆಗೆ ನೀರಲ್ಲಿ ನಿಂತಿರುತ್ತದೆ, ಮೀನು ಅದರ ಬುಡಕ್ಕೇ ಬರುತ್ತದೆ. ಹಳೇ ಜಾಗವೇ ಬೇಕು ಅಂತ ಹಠ ಹಿಡಿಯಬೇಡಿ.

ಮೊಟ್ಟೆ ಒಡೆಯಲು ಎರಡರಿಂದ ಐದು ದಿನ. ಹೆಣ್ಣು ಮೊಟ್ಟೆಯಿಟ್ಟು ಹೊರಟುಬಿಡುತ್ತದೆ. ಗಂಡು ರೆಕ್ಕೆ ಬೀಸುತ್ತಾ ಕಾವಲು ನಿಲ್ಲುತ್ತದೆ, ಹತ್ತಿರ ಬಂದ ಜಿಗ್ (ತೂಕದ ತಲೆಯಿರುವ ಕೃತಕ ಗಾಳ) ಕಚ್ಚುವುದೂ ಅದಕ್ಕೇ. ಒಂದೆರಡು ಹಿಡಿದರೆ ಕೆರೆ ಬರಿದಾಗುವುದಿಲ್ಲ. ಆದರೆ ಒಂದೇ ಪೊದೆ ಕೆಳಗೆ ನಿಂತು ಎಲ್ಲಾ ಗಂಡುಗಳನ್ನೂ ಎತ್ತಿದರೆ ಬ್ಲೂಗಿಲ್ ಅನ್ನುವ ಬೇರೆ ಮೀನುಗಳು ಬಂದು ಆ ಮೊಟ್ಟೆಗಳನ್ನು ಮುಗಿಸುತ್ತವೆ. ನಾಲ್ಕು ಹಿಡಿದು ಮುಂದಕ್ಕೆ ಹೋಗಿ. ಎಷ್ಟು ಮೀನು, ಎಷ್ಟು ಇಂಚು ಅನ್ನುವ ನಿಯಮ ರಾಜ್ಯಕ್ಕೊಂದು, ಕೆಲವೆಡೆ ಕೆರೆಗೊಂದು. ಲೈಸೆನ್ಸ್ ತಗೊಳ್ಳುವಾಗಲೇ ಓದಿಕೊಳ್ಳಿ.

ನೀರು 70 ದಾಟಿದ ಮೇಲೆ ದಡದಲ್ಲಿ ಕೂತು ಪ್ರಯೋಜನ ಕಡಿಮೆ. ಆಗ ಸೇತುವೆ ಕಂಬಗಳ ನೆರಳಿಗೆ ಹೋಗಿ, ಗಾಳ ಹನ್ನೆರಡು ಹದಿನೈದು ಅಡಿಗೆ ಬಿಡಿ.